ಬಾರ್ಬೆಕ್ಯೂ ಅಂಗಡಿಯಲ್ಲಿ ಬದನೆಕಾಯಿ ಸುಟ್ಟದ್ದು

ಕಡಿಮೆ ಮಾತಾಡುವವನಿಗೆ ಪೇಚು ಕಡಿಮೆ ಎನ್ನುತ್ತಾರೆ. ಸುಳ್ಳು. ನಾನು ಬಾಯಿ ಬಿಡುವುದೇ ಅಪರೂಪ. ಆದರೂ ಪೇಚು ನನ್ನನ್ನು ಹುಡುಕಿಕೊಂಡು ಬರುತ್ತದೆ. ಪ್ರಯಾಣದಲ್ಲಂತೂ ಕಾರಿನೊಳಗೇ ಬಂದು ಕೂರುತ್ತದೆ.

ಎರಡು ಸಾವಿರದ ನಂತರದ ಆ ವರ್ಷಗಳಲ್ಲಿ ನಾನು, ಹೆಂಡತಿ ನ್ಯೂಜಿಲೆಂಡಿನಲ್ಲಿ, ವೆಲ್ಲಿಂಗ್ಟನ್ನಿನ ಜಾನ್ಸನ್‌ವಿಲ್‌ನಲ್ಲಿದ್ದೆವು. ಮಗಳು, ಅಳಿಯ ಹ್ಯಾಮಿಲ್ಟನ್ನಿನ ರೊಟೊಟೂನದಲ್ಲಿ. ನಮ್ಮ ಮನೆಯಿಂದ ಅವರ ಮನೆಗೆ ಇಡೀ ಹಗಲಿನ ದಾರಿ. ಅರ್ಧ ದಾರಿಯಲ್ಲಿ ಒಂದು ಸಣ್ಣ ಊರು. ಊರ ಕೊನೆಗೆ ಒಂದು ಬಾರ್ಬೆಕ್ಯೂ ಅಂಗಡಿ. ತಗಡಿನ ಸೂರು, ಉದ್ದ ಬೆಂಚುಗಳು, ಸೌದೆ ಉರಿಯುವ ದೊಡ್ಡ ಒಲೆ, ಒಲೆಯ ಕಂಬಿಗಳ ಮೇಲೆ ಸದಾ ಮಾಂಸ. ನಾವು ಸಸ್ಯಾಹಾರಿಗಳು. ನಿಲ್ಲುತ್ತಿದ್ದದ್ದು ಶೌಚಾಲಯಕ್ಕೆ.

ಆ ಅಂಗಡಿ ಈಗಿಲ್ಲ. ಅಲ್ಲಿ ಟೈರು ಮಾರುತ್ತಾರೆ. ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನನ್ನ ಹೃದಯ

ಬರೀ ಶೌಚಾಲಯ ಬಳಸಿ ಎದ್ದು ಹೋಗುವುದು ಮರ್ಯಾದೆಯಲ್ಲ ಎಂದಳು ಹೆಂಡತಿ. ಮೊದಲ ಸಲ ಒಳಗೆ ಹೋಗಿ ಕೂತೆವು. ಯಜಮಾನ ಬಂದ. ಬಾಗಿಲಿನಷ್ಟು ಅಗಲದ ಆಳು, ಚಡ್ಡಿ, ಗಮ್‌ಬೂಟು. ಮಾಂಸವಿಲ್ಲದ್ದು ಏನಿದೆ ಎಂದು ಕೇಳಿದೆ. ಅವನ ಮುಖ ಇಳಿದುಹೋಯಿತು. ಬಗ್ಗಿ, ದನಿ ತಗ್ಗಿಸಿ ಕೇಳಿದ:

"ಡಾಕ್ಟರು ಹೇಳಿದ್ದಾ?"

ನಮ್ಮ ಊಟದ ಪದ್ಧತಿ ವಿವರಿಸಬೇಕಾದರೆ ಕಾಲು ಗಂಟೆ ಬೇಕು. ಹೂಂ ಎಂದೆ.

"ಹೃದಯವಾ?"

ಅದಕ್ಕೂ ಹೂಂ ಎಂದೆ. ಹೆಂಡತಿಯೂ ಬಿಟ್ಟಿದ್ದಾಳೆ ಎಂದು ಗೊತ್ತಾದಾಗ ಆ ಮನುಷ್ಯನ ಕಣ್ಣೇ ಒದ್ದೆಯಾಯಿತು. ಗಂಡನಿಗೋಸ್ಕರ ಮಾಂಸ ಬಿಟ್ಟ ಹೆಂಗಸನ್ನು ಅವನು ಕಂಡಿರಲಿಲ್ಲವಂತೆ. ಹುಟ್ಟಿದಂದಿನಿಂದ ಮೊಟ್ಟೆ ಕೂಡ ಮುಟ್ಟದವಳು ತಲೆ ತಗ್ಗಿಸಿ ಆ ಹೊಗಳಿಕೆ ಸ್ವೀಕರಿಸಿದಳು. ನನಗೆ ಬೇಯಿಸಿದ ಆಲೂಗಡ್ಡೆ ಬಂತು. ಪಕ್ಕದ ಮೇಜಿನವರ ಆಲೂಗಡ್ಡೆಯ ಮೇಲೆ ಬೆಣ್ಣೆ ಕರಗುತ್ತಿತ್ತು. ನನ್ನದು ಬೋಳು.

ಮುಂದಿನ ಸಲ ನಾವು ಹೋಗುವುದರೊಳಗೆ ನನ್ನ ಕಾಯಿಲೆ ಊರಿಗೆಲ್ಲ ಗೊತ್ತಾಗಿತ್ತು. ವಯಸ್ಸಾದ ರೈತನೊಬ್ಬ ಎದ್ದು ಬಂದು ಅಂಗಿ ಎತ್ತಿ ಎದೆಯ ಆಪರೇಷನ್ ಗಾಯ ತೋರಿಸಿದ. ನಿಮ್ಮದು ತೋರಿಸಿ ಎಂದ. ನನ್ನದು ತೊಡೆಯ ಮೂಲಕ ಮಾಡಿದ್ದು ಎಂದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆತ ಕುರ್ಚಿ ಹತ್ತಿರ ಎಳೆದುಕೊಂಡ.

ಬಯಕೆ

ಮಗಳು ಬಸುರಿಯಾದಳು. ಬಯಕೆ ಏನು ಎಂದು ತಾಯಿ ಕೇಳಿದಳು. ಸುಟ್ಟ ಬದನೆಕಾಯಿ ಗೊಜ್ಜು ಎಂದಳು ಮಗಳು. ಮೈಸೂರಿನ ನಮ್ಮ ಮನೆಯಲ್ಲಿ ಇದ್ದಿಲ ಒಲೆಗೆ ಹಾಕಿ, ಸಿಪ್ಪೆ ಕರಿಯಾಗುವ ತನಕ ಸುಟ್ಟು, ಹುಣಿಸೆಹುಳಿ ಬೆಲ್ಲ ಹಾಕಿ ಕಿವುಚಿ ಒಗ್ಗರಣೆ ಕೊಡುತ್ತಿದ್ದದ್ದು. ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿಗೆ ಒಳ್ಳೆಯದಲ್ಲ ಎಂದು ನಮ್ಮಲ್ಲಿ ನಂಬಿಕೆ. ನನ್ನ ಹೆಂಡತಿಗೆ ಅದು ನಂಬಿಕೆಯಲ್ಲ, ಕಾನೂನು.

ರೊಟೊಟೂನದ ಹೊಸ ಮನೆಯಲ್ಲಿ ಇದ್ದದ್ದು ಕರೆಂಟಿನ ಒಲೆ. ಹೆಂಡತಿ ಅದರ ಮೇಲೇ ಬದನೆಕಾಯಿ ಇಟ್ಟಳು. ಸಿಪ್ಪೆ ಸೀದು ಹೊಗೆ ಎದ್ದದ್ದೇ ತಡ, ಮನೆಯ ಅಷ್ಟೂ ಕೋಣೆಗಳ ಅಲಾರಂ ಒಟ್ಟಿಗೆ ಕೂಗಿಕೊಂಡವು. ಅಳಿಯ ಟವೆಲು ಬೀಸುತ್ತಾ ಮನೆ ತುಂಬ ಓಡಾಡಿದ. ಪಕ್ಕದ ಮನೆಯವನು ಬೇಲಿ ದಾಟಿ ತೋಟದ ಪೈಪು ಹಿಡಿದುಕೊಂಡು ಬಂದ. ಹೆಂಡತಿ ಬದನೆಕಾಯಿ ತೋರಿಸಿದಳು. ಇಷ್ಟೇನಾ ಎಂದು ಬೇಸರಪಟ್ಟು, ಪೈಪು ಸುತ್ತಿಕೊಂಡು ಹೋದ.

ಮಗಳು ತುದಿನಾಲಿಗೆಗೆ ಇಟ್ಟುಕೊಂಡು ತಟ್ಟೆ ಸರಿಸಿದಳು. "ಇದು ಅದಲ್ಲಮ್ಮ."

ಅಳಿಯ ಯಾರದೋ ಗ್ಯಾಸ್ ಬಾರ್ಬೆಕ್ಯೂ ತರುತ್ತೇನೆಂದ. ಮಾಂಸ ಮೆತ್ತಿದ ಕಂಬಿಯ ಮೇಲೆ ಬಸುರಿಯ ಊಟ ಮಾಡುವುದೇ ಎಂದು ಅತ್ತೆ ನೋಡಿದ ನೋಟಕ್ಕೆ ಸುಮ್ಮನಾದ.

ಸುಡಲಾರದವನು

ವಾಪಸು ಬರುವಾಗ ಬಾರ್ಬೆಕ್ಯೂ ಅಂಗಡಿಯ ಒಲೆ ನೋಡಿ ಹೆಂಡತಿ ನಿಂತುಬಿಟ್ಟಳು. ಕೆಂಪನೆಯ ಕೆಂಡ.

"ರೀ, ಇಲ್ಲಿ ಸುಡಿಸೋಣ."

ಮಾಂಸದ ಒಲೆ ಕಣೇ ಎಂದೆ.

"ಕಂಬಿಗೆ ಮೈಲಿಗೆ. ಬೆಂಕಿಗೆ ಏನು ಮೈಲಿಗೆ? ಕೆಂಡದೊಳಗೆ ಹೂತರೆ ಆಯಿತು."

ಮುಂದಿನ ಸಲ ಬದನೆಕಾಯಿ ಕಟ್ಟಿಕೊಂಡೇ ಹೊರಟೆವು. ಅಂಗಡಿಯಲ್ಲಿ ನೀವೇ ಹೇಳಿ ಎಂದಳು ಹೆಂಡತಿ. ಇದನ್ನು ಸುಟ್ಟುಕೊಡಿ ಎಂದೆ. ಅಷ್ಟು ಸಾಲದು ಎಂದು ನನಗೆ ಹೇಗೆ ಗೊತ್ತು? ಯಜಮಾನ ಅದನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ, ಎಣ್ಣೆ ಸವರಿ, ಕಂಬಿಯ ಮೇಲೆ ಅಂದವಾಗಿ ಗೆರೆ ಬರಿಸಿ, ಮೇಲೊಂದು ಸೊಪ್ಪಿನ ಎಸಳಿಟ್ಟು ತಂದ. ನೋಡಲು ಚೆನ್ನಾಗಿತ್ತು. ಹೆಂಡತಿ ತಟ್ಟೆ ಮುಟ್ಟಲಿಲ್ಲ. ಮಗಳಿಗೆ ಆ ಸಲ ಬರಿಗೈ.

ಅದರ ಮುಂದಿನ ಸಲ ಹೆಂಡತಿಯೇ ಒಲೆಯ ಹತ್ತಿರ ಹೋದಳು. ಕೆಂಡದೊಳಗೆ ಇಡಿಯಾಗಿ ಹಾಕಿ ಎಂದಳು.

"ಕರಿಯಾಗುತ್ತೆ," ಎಂದ ಯಜಮಾನ.

"ಆಗಲಿ."

"ಪೂರ್ತಿ ಕರಿಯಾಗುತ್ತೆ."

"ಪೂರ್ತಿ ಆಗಬೇಕು."

ಅವನಿಗೆ ಕೈ ಬರಲಿಲ್ಲ. ಸೀದ ಪದಾರ್ಥ ತನ್ನ ಅಂಗಡಿಯಿಂದ ಯಾವತ್ತೂ ಹೊರಗೆ ಹೋಗಿಲ್ಲವಂತೆ. ಹಾಕಿದ. ಅವಳು ಆಚೆ ತಿರುಗಿದ ಕೂಡಲೇ ಇಕ್ಕಳದಿಂದ ತೆಗೆದ. ಮತ್ತೆ ಹಾಕಿಸಿದಳು. ಮತ್ತೆ ತೆಗೆದ. ಕೊನೆಗೆ ಕೊಟ್ಟದ್ದನ್ನು ರೊಟೊಟೂನದಲ್ಲಿ ಬಿಚ್ಚಿದರೆ ಹೊರಗೆ ಕಂದು, ಒಳಗೆ ಹಸಿ. ಮಗಳು ಎದ್ದು ಹೋಗಿ ಮಲಗಿದಳು. ಅವತ್ತು ಹೆಂಡತಿಯೂ ಸರಿಯಾಗಿ ಊಟ ಮಾಡಲಿಲ್ಲ.

ಮೂರನೆಯ ಸಲ ಹೆಂಡತಿ ಅವನನ್ನು ಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದಳು. ಮಗಳು, ಬಸುರು, ಬಯಕೆ, ಇನ್ನು ಮೂರು ವಾರ. ತನ್ನ ಹೆಂಡತಿ ಬಸುರಿಯಾಗಿದ್ದಾಗ ಸೀಮೆಸುಣ್ಣ ತಿನ್ನುತ್ತಿದ್ದಳು ಎಂದ ಅವನು. ಎದ್ದು ಹೋಗಿ ಎರಡು ಬದನೆಕಾಯಿ ಕೆಂಡದಲ್ಲಿ ಹೂತ. ಗಿರಾಕಿಗಳಿಗೆ ಕಾಣದಂತೆ ಅಡ್ಡ ನಿಂತ. ಸಿಪ್ಪೆ ಸಿಡಿಯಿತು, ಕರಿಯಾಯಿತು. ಮೈಸೂರಿನ ವಾಸನೆ ಬಂತು. ಏನೋ ಸೀಯುತ್ತಿದೆ ಎಂದು ಯಾರೋ ಕೂಗಿದರು.

ಅವನು ಹಿಂದಕ್ಕೆ ತಿರುಗದೆ ನನ್ನ ಕಡೆ ಕೈ ತೋರಿಸಿ, "ಅವರದ್ದು, ನನ್ನದಲ್ಲ," ಎಂದ.

ರುಚಿ

ಸುಟ್ಟ ಬದನೆಕಾಯಿಯನ್ನು ಪೇಪರಿನಲ್ಲಿ ಸುತ್ತಿ ಹೆಂಡತಿ ತೊಡೆಯ ಮೇಲೆ ಇಟ್ಟುಕೊಂಡಳು. ದಾರಿಯುದ್ದಕ್ಕೂ ಮಗಳ ಮುಖ ಹೇಗಾಗುತ್ತದೆ ಎಂದು ಹೇಳುತ್ತಾ ಬಂದಳು. ಬಯಲು ದಾಟುವ ತನಕ ಫೋನಿಗೆ ಸಿಗ್ನಲ್ ಇರಲಿಲ್ಲ. ಸಿಕ್ಕ ಕೂಡಲೇ ಅಳಿಯನ ಕರೆ ಬಂತು. ಹೆರಿಗೆ ಬೆಳಿಗ್ಗೆಯೇ ಆಗಿತ್ತು. ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ.

ಹೆಂಡತಿ ಕೈ ಮುಗಿದಳು, ಅತ್ತಳು, ನಕ್ಕಳು. ಆಮೇಲೆ ತೊಡೆಯ ಮೇಲಿನ ಪೊಟ್ಟಣ ನೋಡಿದಳು.

"ರೀ, ಬಾಣಂತಿಗೆ ಬದನೆಕಾಯಿ ಕೊಡೋ ಹಾಗಿಲ್ಲ. ನಂಜು."

ನಾನು ಕಾರು ಓಡಿಸಿದೆ. ಬೇರೆ ಏನು ಮಾಡಲಿ?

ಮಗಳು ಮಾರನೆಯ ದಿನವೇ ಮನೆಗೆ ಬಂದಳು. ಇಟ್ಟರೆ ಹಾಳಾಗುತ್ತದೆಂದು ಹೆಂಡತಿ ನನಗೆ, ಅಳಿಯನಿಗೆ ಗೊಜ್ಜು ಮಾಡಿದಳು. ಒಗ್ಗರಣೆಯ ಚಟಪಟ ಕೇಳಿ ಮಗಳು ಮಗುವನ್ನು ಎತ್ತಿಕೊಂಡು ಬಂದು ನನ್ನ ಎದುರಿಗೇ ಕೂತಳು.

"ಆಸ್ಪತ್ರೆಯಲ್ಲಿ ಎಲ್ಲಾ ತಿನ್ನಬಹುದು ಅಂದ್ರಮ್ಮ. ಒಂದು ಬೆರಳು ಕೊಡು."

"ಅವರಿಗೇನು ಗೊತ್ತು? ನೀನು ತಿಂದದ್ದೇ ಮಗುವಿನ ಹೊಟ್ಟೆಗೆ. ಪಥ್ಯ ಮುಗಿಯಲಿ, ಮತ್ತೆ ಅವನ ಹತ್ತಿರ ಸುಡಿಸಿ ತರ್ತೀನಿ."

ಪಥ್ಯ ಮುಗಿಯುವಷ್ಟರಲ್ಲಿ ಅಂಗಡಿ ಮುಚ್ಚಿತ್ತು. ಅದು ಆಮೇಲಿನ ಮಾತು. ಅವತ್ತು ನಾನು ಅನ್ನಕ್ಕೆ ಕಲೆಸಿ ಒಂದು ತುತ್ತು ಬಾಯಿಗಿಟ್ಟೆ. ನ್ಯೂಜಿಲೆಂಡಿನಲ್ಲಿ ಅಂಥ ಗೊಜ್ಜು ನಾನು ಹಿಂದೆಯೂ ತಿಂದಿರಲಿಲ್ಲ, ಮುಂದೆಯೂ ತಿನ್ನಲಿಲ್ಲ. ಮಗಳ ಕಣ್ಣು ನನ್ನ ಬಾಯಿಯ ಮೇಲೆಯೇ ಇತ್ತು.

"ಅಪ್ಪ, ಹೇಗಿದೆ? ನಿಜ ಹೇಳು."

"ಕಹಿ," ಎಂದೆ.

ಬಡಿಸುತ್ತಿದ್ದ ಹೆಂಡತಿಯ ಸೌಟು ನಿಂತಿತು. ಅಳಿಯ ಒಳ್ಳೆಯ ಹುಡುಗ, ಆಗಲೇ ಬಾಯಿ ತುಂಬ ಇಟ್ಟುಕೊಂಡು ಕಣ್ಣರಳಿಸಿ ಏನೋ ಹೇಳಹೊರಟಿದ್ದ. ಮೇಜಿನ ಕೆಳಗೆ ಅವನ ಕಾಲು ತುಳಿದೆ. ನನ್ನ ಮುಖ ನೋಡಿದ, ಮಗಳ ಮುಖ ನೋಡಿದ, ಕಷ್ಟಪಟ್ಟು ನುಂಗಿದ.

"ಹೌದು. ತುಂಬಾ ಕಹಿ," ಎಂದ.

ಮಗಳಿಗೆ ಸಮಾಧಾನವಾಯಿತು. ಸದ್ಯ ತಿನ್ನದೇ ಇದ್ದದ್ದು ಒಳ್ಳೆಯದಾಯಿತು ಎಂದು ಮಗುವನ್ನು ಮಲಗಿಸಲು ಒಳಗೆ ಹೋದಳು. ಕಹಿಯಾದದ್ದು ಯಾರಿಗೂ ಬೇಡ ಎಂದಳು ಹೆಂಡತಿ. ನಮ್ಮಿಬ್ಬರ ತಟ್ಟೆಗಳನ್ನೂ ಎತ್ತಿಕೊಂಡಳು, ಗೊಜ್ಜಿನ ಪಾತ್ರೆಯನ್ನೂ ಎತ್ತಿಕೊಂಡಳು. ಅಷ್ಟನ್ನೂ ಕಸದ ಡಬ್ಬಿಗೆ ಬಗ್ಗಿಸಿ, ಸೌಟಿಗೆ ಅಂಟಿದ್ದನ್ನೂ ಡಬ್ಬಿಯ ಅಂಚಿಗೆ ಬಡಿದು ಉದುರಿಸಿದಳು.

ನಾನು, ಅಳಿಯ ಬೆರಳು ನೆಕ್ಕಲೂ ಧೈರ್ಯವಿಲ್ಲದೆ ನೋಡುತ್ತಾ ಕೂತಿದ್ದೆವು.