ಅಕ್ಕನ ಫೋಟೋ ನೆಟ್ಟಗೆ ಮಾಡಿದ್ದು

ಸಾವಿನ ಮನೆಯಲ್ಲಿ ಅಳುವುದಕ್ಕಿಂತ ಕಷ್ಟದ ಕೆಲಸ ಒಳ್ಳೆಯ ಫೋಟೋ ಹುಡುಕುವುದು. ನನ್ನ ಅಕ್ಕ ಶಾರದೆ ಜೀವಮಾನವಿಡೀ ಕ್ಯಾಮೆರಾ ಕಂಡರೆ ಒಳಗೆ ಹೋಗುತ್ತಿದ್ದವಳು. ಉಳಿದದ್ದು ಒಂದೇ, ಹೊಳೆಬಾಗಿಲಿನಲ್ಲಿ ಸೇತುವೆ ಆಗುವ ಮೊದಲು, ಹಿನ್ನೀರು ದಾಟುವ ಲಾಂಚಿನ ಮೇಲೆ ನಾನು ಫೋನಿನಲ್ಲಿ ತೆಗೆದದ್ದು. ಅದರ ಬಗ್ಗೆ ನನಗೆ ಸ್ವಲ್ಪ ಪ್ರೈಡ್ ಇತ್ತು, ಒಪ್ಪಿಕೊಳ್ಳುತ್ತೇನೆ.

ಹದಿಮೂರನೆಯ ದಿನದ ವೈಕುಂಠ ಸಮಾರಾಧನೆಗೆ ಒಂದೇ ದಿನ ಉಳಿದಿತ್ತು. ಮಧ್ಯಾಹ್ನದೊಳಗೆ ಸಾಗರದ ಸ್ಟುಡಿಯೋಕ್ಕೆ ಫೋಟೋ ಕಳಿಸಿದರೆ ಸಂಜೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಫ್ರೇಮ್ ನಾವಿದ್ದ ಹೊಸನಗರಕ್ಕೆ ಬರುತ್ತದೆ. ತಪ್ಪಿದರೆ ಗುರುತಿನ ಚೀಟಿಯ ಮುಖಕ್ಕೇ ಹಾರ ಹಾಕಬೇಕು; ಆ ಮುಖದ ಗುರುತು ಅಕ್ಕನಿಗೇ ಸಿಗುತ್ತಿರಲಿಲ್ಲ. ಹಿಂದೆ ಕಾಣುವ ಯಾರದೋ ಕೊಡೆಯನ್ನು ಅಳಿಸಲೆಂದು ಅಕ್ಕನ ಮಗಳು ನಂದಿನಿ ತನ್ನ ಲ್ಯಾಪ್‌ಟಾಪಿನ ಎಡಿಟಿಂಗ್ ಸಾಫ್ಟ್‌ವೇರಿಗೆ ಫೋಟೋ ಹಾಕಿದಳು.

"ಎಂತ ಚಿಕ್ಕಮ್ಮ ಇದು, ಅಮ್ಮ ಮಲಗಿಬಿಟ್ರಲ್ಲ!"

ನನ್ನ ಫೋನಿನಲ್ಲಿ ನಿಂತಿದ್ದ ಅಕ್ಕ ಅವಳ ಸ್ಕ್ರೀನಿನಲ್ಲಿ ಅಡ್ಡಲಾಗಿದ್ದಳು, ತೀರಿಹೋದ ದಿನ ಜಗಲಿಯಲ್ಲಿ ಮಲಗಿಸಿದ್ದ ಹಾಗೆಯೇ. ನಾನು ಫೋನನ್ನು ಅಡ್ಡ ಹಿಡಿದು ಮತ್ತೊಮ್ಮೆ ಕಳಿಸಿದೆ.

"ಫೋನ್ ತಿರುಗ್ಸಿದ್ರೆ ಫೋಟೋ ತಿರುಗತ್ತಾ? ನೀವು ಟೀಚರ್ ಆಗಿದ್ದವ್ರಾ?"

ಹೆಡ್‌ಮಿಸ್ಟ್ರೆಸ್ ಎಂದು ತಿದ್ದಿದೆ. ಅಕ್ಕ ಮಲಗಿಯೇ ಇದ್ದಳು.

ಕ್ಯಾಮೆರಾ ಚಿತ್ರವನ್ನು ಅಡ್ಡಲಾಗಿಯೇ ಉಳಿಸಿ, 'ನಿಲ್ಲಿಸಿ ತೋರಿಸು' ಎಂಬ ಸೂಚನೆಯನ್ನು ಒಳಗೇ ಬರೆದಿಡುತ್ತದಂತೆ. ಫೋನ್ ಅದನ್ನು ಓದುತ್ತದೆ, ಹಳೆಯ ಸಾಫ್ಟ್‌ವೇರ್ ಓದುವುದಿಲ್ಲ. ಇಷ್ಟು ಹೇಳಿ ನಂದಿನಿ ರೊಟೇಟ್ ಒತ್ತಿದಳು, ಅಕ್ಕ ತಲೆಕೆಳಗಾದಳು. ಇನ್ನೆರಡು ಸಲ ಒತ್ತಿದಾಗ ಎದ್ದು ನಿಂತಳು. ನಂದಿನಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಆದರೂ ಎಡಕ್ಕೆ ಒಂಚೂರು ವಾಲು. "ನನ್ನ ಕೈ ಅಲುಗಿರಬೇಕು. ಇನ್ನೆರಡು ಡಿಗ್ರಿ ತಿರುಗ್ಸು" ಎಂದೆ. ಅಕ್ಕ ನೆಟ್ಟಗಾದಳು, ಹಿಂದಿನ ನೀರು ಇಳಿಜಾರಾಯಿತು. ವಾಪಸ್ ತಿರುಗಿಸಿದರೆ ನೀರು ಸಮ, ಅಕ್ಕ ವಾಲು.

"ಕೈ ಅಲುಗಿಲ್ಲ ಚಿಕ್ಕಮ್ಮ, ಅಮ್ಮನೇ ವಾಲಿದ್ದು. ಕಂಬಿ ಹೆಂಗೆ ಹಿಡ್ಕೊಂಡಿದಾರೆ ನೋಡಿ. ಕಾಲು ಆಗ್ಲೇ ಸೋತಿತ್ತು ಅನ್ಸತ್ತೆ."

ಸ್ಟ್ರೋಕ್ ಆಗಿ ಅವಳು ಹಾಸಿಗೆ ಹಿಡಿದದ್ದು ಆ ಫೋಟೋ ತೆಗೆದ ಎರಡೇ ತಿಂಗಳಿಗೆ. ಅಂದು ಲಾಂಚಿನಲ್ಲಿ ನಾನು, "ಸ್ಟ್ಯಾಂಡ್ ಸ್ಟ್ರೇಟ್, ಅಕ್ಕಾ! ಕಾಂಪೊಸಿಷನ್ ಹಾಳಾಗತ್ತೆ" ಎಂದು ಮೂರು ಸಲ ಗದರಿದ್ದೆ. "ಇಷ್ಟೇ ಆಗೋದು ಕಣೇ, ತೆಗಿ" ಎಂದಿದ್ದಳು. ನಾನು ತೆಗೆದಿದ್ದೆ.

ಗಂಟೆ ಹನ್ನೆರಡಾಗುತ್ತಿತ್ತು. "ನೀರು ಓರೆಯಾದ್ರೆ ಆಗ್ಲಿ ಬಿಡು" ಎಂದೆ. ನಂದಿನಿ ನನ್ನ ಮುಖ ನೋಡದೆ ಅಕ್ಕನನ್ನು ನೆಟ್ಟಗೆ ಮಾಡಿ ಕಳಿಸಿದಳು.

ಮರುದಿನ ಊಟ ಮುಗಿಸಿ ಬಂದ ತೀರ್ಥಹಳ್ಳಿಯ ನೆಂಟರೊಬ್ಬರು ಹಾರದ ಮುಂದೆ ನಿಂತು, "ಎಷ್ಟು ನೆಟ್ಟಗೆ ನಿಂತಿದಾರೆ ನೋಡಿ! ನೀವೇನಾ ತೆಗ್ದಿದ್ದು?" ಎಂದರು. ಕಾನ್ವೆಂಟಿನಲ್ಲಿ ಕಲಿತ ಮ್ಯಾನರ್ಸ್ ನನಗಿಂತ ಮೊದಲೇ ಬಾಯಿ ತೆರೆಯಿತು: "ಥ್ಯಾಂಕ್ ಯೂ."