ಪ್ರಿನ್ಸಿಪಾಲರು ಆಸಕ್ತಿ ಅಳೆದದ್ದು

ಪಾಠ ಮಾಡುವವನೊಬ್ಬ, ಕೇಳುವವರು ನಾಲ್ಕು ಮಂದಿ, ಇವರನ್ನು ನೋಡಿಕೊಳ್ಳಲು ಇನ್ನೊಬ್ಬರು ಎಂದಾದಲ್ಲಿ ನಗುವಂಥದ್ದೇನಾದರೂ ನಡೆಯದ ವಾರವೇ ಇಲ್ಲ. ನಾನು ಹಿಂದೆ ಏನನ್ನೂ ಬರೆದವನಲ್ಲ. ಆದ್ದರಿಂದ ಎಲ್ಲವನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ; ಗೊತ್ತಿದ್ದವರು ದಾಟಿಕೊಂಡು ಹೋಗಬಹುದು.

ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಚರಿತ್ರೆಯ ಉಪನ್ಯಾಸಕ. ಆ ವರ್ಷ ನನ್ನದು ತಾತ್ಕಾಲಿಕ ಕೆಲಸ. ತಾತ್ಕಾಲಿಕ ಎಂದರೆ ಬೇಸಿಗೆ ರಜೆ ಬರುವಾಗ ಖಾಯಂ ಮಾಡುತ್ತಾರೆ, ಇಲ್ಲವೇ ಮನೆಗೆ ಕಳುಹಿಸುತ್ತಾರೆ. ಕಂಕನಾಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ಎರಡನೆಯದಕ್ಕೇ ಕಾಯುತ್ತಿದ್ದರು. "ಕಾಲೇಜಿನವರು ಬೇಡ ಅಂದ ಕೂಡಲೇ ಬಂದುಬಿಡು ಮಾರಾಯ, ಗಜಕೋಲು ಇಲ್ಲಿ ಉಂಟು" ಎಂದು ಸಿಕ್ಕಿದಾಗಲೆಲ್ಲ ಧೈರ್ಯ ತುಂಬುತ್ತಿದ್ದರು.

ಅದೇ ವರ್ಷ ಮದ್ರಾಸಿನಲ್ಲಿ ಬಹುಕಾಲ ಇದ್ದ ಹೊಸ ಪ್ರಿನ್ಸಿಪಾಲರು ಬಂದರು. ಪಾಠ ಚೆನ್ನಾಗಿದೆಯೇ ಎಂದು ತಿಳಿಯಲು ಪಾಠ ಕೇಳಬೇಕಾಗಿಲ್ಲ, ವಿದ್ಯಾರ್ಥಿಗಳ ಆಸಕ್ತಿ ನೋಡಿದರೆ ಸಾಕು ಎಂಬುದು ಅವರ ಸಿದ್ಧಾಂತ. ಪಾಠ ಕೇಳುವ ಕಷ್ಟ ಹೇಗೂ ತಪ್ಪಿತಲ್ಲ, ಸಿದ್ಧಾಂತ ಒಳ್ಳೆಯದೇ. ಯಾರನ್ನು ಉಳಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನೂ ಅದರಿಂದಲೇ ತೀರ್ಮಾನಿಸುವುದಾಗಿ ಹೇಳಿದರು. ಹೇಳುವಾಗ ನನ್ನ ಕಡೆಗೇ ನೋಡಿದರು.

ಕಿಟಕಿ

ಮೊದಲು ಅವರು ಜಗಲಿಯಲ್ಲಿ ಬೂಟು ಟಕಟಕ ಅನ್ನಿಸುತ್ತ ನಡೆದು, ಪ್ರತಿಯೊಂದು ಕಿಟಕಿಯಿಂದ ಒಳಗೆ ಇಣುಕತೊಡಗಿದರು. ವಿದ್ಯಾರ್ಥಿಗಳ ಕಣ್ಣು ಎಲ್ಲಿದೆಯೋ ಮನಸ್ಸೂ ಅಲ್ಲಿದೆ ಎಂದು ಲೆಕ್ಕ. ಸಂಜೆ ನನ್ನನ್ನು ಕರೆಸಿದರು.

"ನಿಮ್ಮ ತರಗತಿಯಲ್ಲಿ ಅಷ್ಟೂ ಮಂದಿ ಕಿಟಕಿಯನ್ನೇ ನೋಡುತ್ತಿದ್ದರು."

"ಕಿಟಕಿಯಲ್ಲಿ ತಾವು ಇದ್ದಿರಿ ಸಾರ್."

"ನಾನು ಹೋದ ಮೇಲೂ ನೋಡುತ್ತಿದ್ದರು."

"ತಾವು ನಿಜವಾಗಿ ಹೋದಿರಾ ಅಂತ ನೋಡಿದ್ದು ಸಾರ್."

ಅವರು ಒಪ್ಪಲಿಲ್ಲ. ಕಣ್ಣು ಉಪನ್ಯಾಸಕರ ಮೇಲೆಯೇ ಇರಬೇಕು ಎಂದರು. ಮರುದಿನದಿಂದ ನಾನು ಕಿಟಕಿಗೆ ಒರಗಿ ನಿಂತೇ ಪಾಠ ಮಾಡತೊಡಗಿದೆ. ನನ್ನ ತರಗತಿಯ ಆಸಕ್ತಿ ಒಂದೇ ದಿನದಲ್ಲಿ ಸುಧಾರಿಸಿತು.

ಚಪ್ಪಲಿ

ಆಗಿನ ಹುಡುಗರು ಪಾಠ ಬೇಸರವಾದರೆ ಬೆಂಚಿನ ಅಡಿಯಲ್ಲಿ ಚಪ್ಪಲಿಯನ್ನು ನೆಲಕ್ಕೆ ಉಜ್ಜುತ್ತಿದ್ದರು. ಒಬ್ಬ ಶುರುಮಾಡಿದರೆ ಎಲ್ಲರೂ ಸೇರಿಕೊಳ್ಳುತ್ತಿದ್ದರು, ಯಾರೆಂದು ಹಿಡಿಯಲಾಗದು. ಈ ಸದ್ದು ಯಾವ ಕೋಣೆಯಿಂದ ಹೆಚ್ಚು ಬರುತ್ತದೆಯೋ ಆ ಪಾಠ ಕೆಟ್ಟದ್ದು ಎಂದು ಪ್ರಿನ್ಸಿಪಾಲರು ತೀರ್ಮಾನಿಸಿದರು. ಅತಿ ಹೆಚ್ಚು ಸದ್ದು ತರ್ಕಶಾಸ್ತ್ರದ ಕೋಣೆಯದು. ಅಲ್ಲಿನ ಉಪನ್ಯಾಸಕರು ಹಿರಿಯರು, ಪಾಠ ಬದಲಿಸುವ ವಯಸ್ಸು ಮೀರಿದವರು. ಅವರು ತರ್ಕವನ್ನೇ ಉಪಯೋಗಿಸಿದರು. ಸದ್ದಿಗೆ ಕಾರಣ ಚಪ್ಪಲಿ. ಆದ್ದರಿಂದ ಚಪ್ಪಲಿ ಹೊರಗೆ.

"ವಿದ್ಯೆ ಅಂದ್ರೆ ದೇವರು ಮಕ್ಕಳೇ, ಹೊರಗೆ ಬಿಟ್ಟು ಬನ್ನಿ" ಎಂದರು.

ಒಳಗೆ ನಿಶ್ಶಬ್ದ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ ಕಂಡು ಪ್ರಿನ್ಸಿಪಾಲರು ಕೈಮುಗಿಯುವುದೊಂದು ಬಾಕಿ. ಆ ವಾರದಿಂದ ಹುಡುಗರು ತರ್ಕಶಾಸ್ತ್ರಕ್ಕೆ ಓಡೋಡಿ ಬರತೊಡಗಿದರು. ಬಾಗಿಲ ಪಕ್ಕದ ಬೆಂಚಿಗಾಗಿ ಜಗಳವೇ ಆಗುತ್ತಿತ್ತು. ಇಷ್ಟು ಉತ್ಸಾಹ ತಾನು ಎಲ್ಲೂ ಕಂಡಿಲ್ಲವೆಂದು ಪ್ರಿನ್ಸಿಪಾಲರು ಸಭೆಯಲ್ಲಿ ಹೊಗಳಿದರು. ನಾನು ಒಬ್ಬ ಹುಡುಗನನ್ನು ಕರೆದು, "ತರ್ಕದಲ್ಲಿ ಅಂಥದ್ದು ಎಂತ ಉಂಟು ಮಾರಾಯ?" ಎಂದು ಕೇಳಿದೆ.

"ಸಾರ್, ಹಳೆ ಚಪ್ಪಲಿ ಹಾಕಿಕೊಂಡು ಹೋಗಿ ಹೊಸತು ಹಾಕಿಕೊಂಡು ಬರುವ ಅನುಕೂಲ ಬೇರೆ ಯಾವ ಕ್ಲಾಸಿನಲ್ಲಿ ಉಂಟು?"

ಪ್ರಶ್ನೆ

ಆಮೇಲೆ ಹೊಸ ಅಳತೆ ಬಂತು. ಆಸಕ್ತಿ ಇದ್ದರೆ ವಿದ್ಯಾರ್ಥಿ ಪ್ರಶ್ನೆ ಕೇಳುತ್ತಾನೆ. ಪ್ರಶ್ನೆ ಇಲ್ಲದ ತರಗತಿ ಸತ್ತ ತರಗತಿ. ನನ್ನ ತರಗತಿ ಹುಟ್ಟಿದಂದಿನಿಂದ ಸತ್ತೇ ಇತ್ತು. ಗಜಕೋಲು ಕಣ್ಣ ಮುಂದೆ ಬಂತು. ಕೂಳೂರು ಹೊಳೆಯನ್ನು ದೋಣಿಯಲ್ಲಿ ದಾಟಿ ಬರುತ್ತಿದ್ದ ಒಬ್ಬ ಮಾತುಗಾರ ಹುಡುಗನಿದ್ದ. ಅವನನ್ನು ಕರೆದು, "ನಾಳೆ ಪ್ರಿನ್ಸಿಪಾಲರು ಬರುವಾಗ ಒಂದು ಪ್ರಶ್ನೆ ಕೇಳು" ಎಂದು ಬೇಡಿಕೊಂಡೆ.

"ಒಂದೇ ಸಾಕಾ ಸಾರ್?" ಎಂದ. ಆ ಮಾತಿನಲ್ಲೇ ನನಗೆ ಅರ್ಥವಾಗಬೇಕಿತ್ತು. ಅವನು ತಾಳಮದ್ದಳೆಯಲ್ಲಿ ಅರ್ಥ ಹೇಳುವವನು. ತಾಳಮದ್ದಳೆ ಎಂದರೆ ವೇಷವಿಲ್ಲದೆ, ಕುಳಿತಲ್ಲೇ, ಒಬ್ಬ ಕೃಷ್ಣನಾಗಿ ಒಬ್ಬ ಕೌರವನಾಗಿ ಮಾತಿನಲ್ಲೇ ಕಾದಾಡುವುದು. ಅಲ್ಲಿ ಸೋಲು ಒಪ್ಪುವ ಪದ್ಧತಿ ಇಲ್ಲ.

ಮರುದಿನ ಔರಂಗಜೇಬನು ತಂದೆಯನ್ನು ಸೆರೆಯಲ್ಲಿಟ್ಟ ಪಾಠ. ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಬಾಗಿಲಲ್ಲಿ ಪ್ರಿನ್ಸಿಪಾಲರು ಕಂಡದ್ದೇ ಹುಡುಗ ಎದ್ದು ನಿಂತು ಅಪ್ಪಟ ಕನ್ನಡದಲ್ಲಿ ಗುಡುಗಿದ:

"ಎಲೈ ಔರಂಗಜೇಬನೇ! ಹೆತ್ತ ತಂದೆಯನ್ನು ಬಂಧಿಸಿದ ನಿನಗೆ ಸಿಂಹಾಸನದ ಆಸೆ ಬೇರೆ ಕೇಡೇ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಇನ್ನೊಬ್ಬ ಎದ್ದ. "ಭಲಾ! ಸತ್ತ ಮಡದಿಗೆ ಗೋರಿ ಕಟ್ಟಲು ಬೊಕ್ಕಸ ಬರಿದು ಮಾಡಿದ ಮುದುಕನಿಗೆ ನೀನು ವಕೀಲನೋ?"

ಗಂಟೆ ಬಾರಿಸುವವರೆಗೂ ಯುದ್ಧ ನಡೆಯಿತು. ಪಕ್ಕದ ತರಗತಿಯವರೂ ಬಂದು ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರ ಮುಖ ಅರಳಿತ್ತು.

"ಅದ್ಭುತ! ಇದರಲ್ಲಿ ನೀವು ಹೇಳಿಕೊಟ್ಟದ್ದು ಎಷ್ಟು?" ಎಂದು ನನ್ನನ್ನು ಕೇಳಿದರು.

"ನನಗೆ ಮಾತಾಡಲು ಸಮಯ ಸಿಗಲಿಲ್ಲ ಸಾರ್."

ಅವರು ಗಂಭೀರವಾಗಿ ತಲೆಯಾಡಿಸಿದರು. "ವಿದ್ಯಾರ್ಥಿಗಳು ಬಹಳ ಚೆನ್ನಾಗಿದ್ದಾರೆ. ಹಾಗಾದರೆ ಉಪನ್ಯಾಸಕರು ಯಾಕೆ ಬೇಕು ಎಂಬುದನ್ನು ಈಗ ಯೋಚಿಸಬೇಕು."

ಕೊನೆಯ ಪರೀಕ್ಷೆ

ಯೋಚಿಸಲು ಅವರೇ ನನ್ನ ತರಗತಿಯಲ್ಲಿ ಒಂದು ಗಂಟೆ ಕುಳಿತುಕೊಳ್ಳುವುದೆಂದಾಯಿತು. ಅದರ ಮೇಲೆ ನನ್ನ ಕೆಲಸದ ತೀರ್ಪು. ಮಧ್ಯಾಹ್ನದ ಊಟವಾದ ಮೇಲಿನ ಮೊದಲ ತರಗತಿ. ಮಾರ್ಚ್ ತಿಂಗಳ ಸೆಕೆ. ಪಾಠ ಮೊಗಲರ ಭೂಕಂದಾಯ. ನಾನು ಹೆದರಿ, ನೋಟ್ಸಿನಿಂದ ತಲೆ ಎತ್ತದೆ ಓದುತ್ತ ಹೋದೆ. ಸ್ವಲ್ಪ ಹೊತ್ತಿನಲ್ಲಿ ಕೋಣೆಯಲ್ಲಿ ಎಂದೂ ಕೇಳದ ನಿಶ್ಶಬ್ದ. ತಲೆ ಎತ್ತಿ ನೋಡಿದರೆ, ಹಿಂದಿನ ಕುರ್ಚಿಯಲ್ಲಿ ಪ್ರಿನ್ಸಿಪಾಲರು ಗಲ್ಲವನ್ನು ಎದೆಗೆ ಇಳಿಸಿ ಗಾಢ ನಿದ್ರೆಯಲ್ಲಿದ್ದರು. ಹುಡುಗರು ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು.

ನಾನು ಗಾಬರಿಯಿಂದ ಸ್ವರ ಏರಿಸಿದೆ. ಕೂಳೂರಿನ ಹುಡುಗ ಕೈ ಅಡ್ಡಹಿಡಿದು ಪಿಸುಗುಟ್ಟಿದ: "ಮೆಲ್ಲ ಸಾರ್, ಮೆಲ್ಲ! ಎಚ್ಚರ ಆದರೆ ನಿಮಗೇ ಕಷ್ಟ."

ಗಂಟೆ ಹೊಡೆಯಿತು. ಅವರು ಏಳಲಿಲ್ಲ. ಎಬ್ಬಿಸುವುದು ಅವಿಧೇಯತೆ, ಮಲಗಿದವರನ್ನು ಬಿಟ್ಟು ಹೋಗುವುದು ಅದಕ್ಕಿಂತ ದೊಡ್ಡ ಅವಿಧೇಯತೆ. ಕಂದಾಯ ಮುಗಿದಿತ್ತು, ಆದ್ದರಿಂದ ಮತ್ತೊಮ್ಮೆ ಮೊದಲಿನಿಂದ ಓದಿದೆ. ಬಹಳ ಹೊತ್ತಿನ ಮೇಲೆ ಅವರು ಕಣ್ಣು ತೆರೆದು, ಗಡಿಯಾರ ನೋಡಿ, ಹುಡುಗರ ಸಾಲನ್ನು ನೋಡಿದರು.

"ಗಂಟೆ ಆಗಿ ಇಷ್ಟು ಹೊತ್ತಾಯಿತು! ಒಬ್ಬನೂ ಎದ್ದಿಲ್ಲ?"

"ಏಳಲಿಕ್ಕೆ ಮನಸ್ಸೇ ಬರಲಿಲ್ಲ ಸಾರ್," ಎಂದ ಕೂಳೂರಿನವನು.

ಪ್ರಿನ್ಸಿಪಾಲರು ನನ್ನ ಕೈ ಕುಲುಕಿದರು. ಮದ್ರಾಸಿನಲ್ಲೂ ಇಂಥ ಏಕಾಗ್ರತೆ ಕಂಡಿಲ್ಲವಂತೆ. ಅಲ್ಲೇ, ಹುಡುಗರ ಎದುರಿನಲ್ಲೇ, ನನ್ನನ್ನು ಖಾಯಂ ಮಾಡಿದರು. ಸೋಮವಾರದಿಂದ ಎಲ್ಲರ ತರಗತಿಯಲ್ಲೂ ಹೀಗೆಯೇ ಕುಳಿತು ಪರೀಕ್ಷಿಸುವುದಾಗಿಯೂ ಹೇಳಿ ಹೋದರು.

ಸಂಜೆ ತರ್ಕಶಾಸ್ತ್ರದ ಹಿರಿಯರು ನನ್ನನ್ನು ಹುಡುಕಿಕೊಂಡು ಬಂದರು. ಅಲ್ಲಿಯವರೆಗೆ ನನ್ನೊಡನೆ ಮಾತೇ ಆಡದವರು.

"ಮಾರಾಯ್ರೇ, ನಿಮ್ಮ ಆ ಭೂಕಂದಾಯದ ನೋಟ್ಸ್ ನನಗೆ ಸೋಮವಾರಕ್ಕೆ ಬೇಕಿತ್ತು."

"ತರ್ಕಶಾಸ್ತ್ರದಲ್ಲಿ ಭೂಕಂದಾಯ ಎಂತಕ್ಕೆ ಸಾರ್?"

"ಹುಡುಗರಿಗಲ್ಲ ಮಾರಾಯ್ರೇ," ಎಂದರು ಅವರು ಅತ್ತಿತ್ತ ನೋಡಿ, "ಅವರು ನನ್ನ ಪಾಠಕ್ಕೇ ಮಲಗುತ್ತಾರೆ. ಪ್ರಿನ್ಸಿಪಾಲರಿಗೆ ಸ್ವಲ್ಪ ಸ್ಟ್ರಾಂಗ್ ಬೇಕು."