ಮೂರನೇ ಚಂಡಕೇತು ಸಾಯಲು ಅಪ್ಪಣೆ ಕೋರಿ

ಶ್ರೀ ಬೀರೇಶ್ವರ ಕೃಪಾಪೋಷಿತ ನಾಟಕ ಮಂಡಳಿಯ ಅಧ್ಯಕ್ಷರಾದ ಶ್ರೀಧರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಪಾದಕ್ಕೂ ತಮ್ಮ ಕುರ್ಚಿಯ ನಾಲ್ಕು ಪಾದಕ್ಕೂ ನಮಸ್ಕರಿಸಿ, ಏಳನೇ ಕ್ಲಾಸನ್ನು ಯಾರ ಪೇಪರೂ ನೋಡದೆ ಪಾಸು ಮಾಡಿದ, ಅಟ್ಟಹಾಸ ಹಾಕಿದರೆ ದೇವನಹಳ್ಳಿಯಲ್ಲಿ ಇಳಿಯಬೇಕಾದ ವಿಮಾನವೂ ಇನ್ನೊಂದು ಸುತ್ತು ಹೊಡೆದು ಬರುತ್ತದೆಂದು ಕುಂದಾಣ ಹೋಬಳಿಯಲ್ಲೆಲ್ಲ ಹೆಸರಾದ ಚಿಕ್ಕಬೀರಪ್ಪನಾದ ನಾನು, ಊರೆಲ್ಲ ಓದಲಿ ಎಂದು ಡೈರಿ ಗೋಡೆಗೆ ಅಂಟಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನಿನ್ನೂ ಸತ್ತಿಲ್ಲ.

ತಿಳಿಯದವರಿಗೆ ಬಿಡಿಸಿ ಹೇಳಬೇಕು. ಹಾರ್ಮೋನಿಯಂ ಮೇಷ್ಟ್ರು ಗೋಪಾಲಪ್ಪನವರು ಬರೆದು ಕಲಿಸಿದ ‘ಚಂಡಕೇತು ಗರ್ವಭಂಗ’ ನಾಟಕದಲ್ಲಿ ರಾಜನ ಪಾತ್ರ ತನಗೇ ಬೇಕೆಂದು ಮೂವರೂ ಪಟ್ಟು ಹಿಡಿದದ್ದರಿಂದ, ನಮ್ಮ ಕಡೆಯ ಪದ್ಧತಿಯಂತೆ ರಾಜನನ್ನು ಮೂರು ಪಾಲು ಮಾಡಲಾಯಿತು. ಆಸ್ಥಾನದಲ್ಲಿ ಮೆರೆಯುವ ಒಂದನೇ ಚಂಡಕೇತು ತಾವು. ಯುದ್ಧ ಮಾಡುವ ಎರಡನೆಯವನು ನವೀನ್‌ಕುಮಾರ್. ಸೋತು ಕೊಳದಲ್ಲಿ ಅಡಗಿ, ವಿಜಯಸೇನನ ಕತ್ತಿಗೆ ಸಿಕ್ಕಿ, ಹಾಡುತ್ತ ಹಾಡುತ್ತ ಪ್ರಾಣ ಬಿಡುವ ಮೂರನೆಯವನು ನಾನು. ಮೆರೆಯೋಕೆ ಯಾರಾದರೂ ಸಾಕು, ಸಾಯೋಕೆ ಕಂಠ ಬೇಕು ಎಂದು ಮೇಷ್ಟ್ರೇ ಹೇಳಿದ್ದರು. ಮೇಷ್ಟ್ರಿಗೆ ಈಗ ಅದು ನೆನಪಿಲ್ಲವಂತೆ.

ನಾಟಕವಾಡಿದ ರಾತ್ರಿ ತಮ್ಮ ಆಸ್ಥಾನದ ಹಾಡಿಗೆ ತಮ್ಮ ಮಾವನ ಮನೆಯವರು ‘ಒನ್ಸ್ ಮೋರ್’ ಅಂದರು, ತಾವು ಹಾಡಿದಿರಿ. ಇನ್ನೊಮ್ಮೆ ಅಂದರು, ಇನ್ನೊಮ್ಮೆ ಹಾಡಿದಿರಿ. ಆಮೇಲೆ ಯಾರೂ ಏನೂ ಅನ್ನದಿದ್ದರೂ ಹಾಡಿದಿರಿ. ಯುದ್ಧ ಶುರುವಾಗುವಾಗ ಕೋಳಿ ಕೂಗಿತು, ನಾನು ಕೊಳಕ್ಕಿಳಿಯುವಾಗ ಬೆಳಕು ಹರಿಯಿತು. ನನ್ನನ್ನು ಕೊಲ್ಲಬೇಕಾದ ವಿಜಯಸೇನ, ಅಂದರೆ ನಮ್ಮ ಸೊಣ್ಣಪ್ಪ, ಡೈರಿಗೆ ಹಾಲು ಹಾಕುವ ಹೊತ್ತಾಯಿತೆಂದು ಕಿರೀಟದಲ್ಲೇ ಹಸು ಕರೆಯಲು ಓಡಿದ. ನಾನು ಕೊಳವೆಂದು ಕಟ್ಟಿದ್ದ ನೀಲಿ ಬಟ್ಟೆಯ ಹಿಂದೆ ಮಲಗಿ ಮೃತ್ಯುವಿಗಾಗಿ ಕಾದೆ. ಬಂದವರು ಪರದೆ ಬಾಡಿಗೆಗೆ ಕೊಟ್ಟಿದ್ದ ಸೀನರಿಯವರು. ‘ಯಜಮಾನ್ರೇ, ವಸಿ ಎದ್ದೇಳಿ’ ಎಂದು ನನ್ನನ್ನು ಎಬ್ಬಿಸಿ, ಕೊಳವನ್ನೇ ಸುತ್ತಿ ಲಾರಿಗೆ ಹಾಕಿಕೊಂಡು ಹೋದರು.

ನಾನು ಸಾಯುವುದನ್ನು ನೋಡಲೆಂದೇ ಸಮೇತನಹಳ್ಳಿಯಿಂದ ಟೆಂಪೋ ಮಾಡಿಕೊಂಡು ಬಂದಿದ್ದ ನನ್ನ ಹೆಂಡತಿಯ ತವರಿನವರು ಮುಖ ಸಣ್ಣ ಮಾಡಿಕೊಂಡು ವಾಪಸಾದರು. ಭಾಮೈದ ಅಪ್ಪಯ್ಯಣ್ಣ ಈಗಲೂ ಹತ್ತು ಜನರ ಮುಂದೆ, ‘ಏನ್ ಭಾವ, ಬಟ್ಟೆ ಹಿಂದೆ ನಿದ್ದೆ ಚೆನ್ನಾಗ್ ಬಂತಾ?’ ಎನ್ನುತ್ತಾನೆ. ಸೊಣ್ಣಪ್ಪ ಎದುರಾದರೆ ನನ್ನ ಮುಖ ನೋಡುವುದಿಲ್ಲ, ಕುತ್ತಿಗೆ ನೋಡುತ್ತಾನೆ. ಮುಂದಿನ ನಾಟಕದಲ್ಲಿ ಎಲ್ಲ ತೀರಿಸಿಕೊಳ್ಳೋಣವೆಂದು ನಾನು ಹಲ್ಲು ಕಚ್ಚಿಕೊಂಡಿದ್ದರೆ, ‘ಸಂಘಟನೆ ಬಲಪಡಿಸುವ ಸಲುವಾಗಿ ನಾಟಕಗಳನ್ನು ನಿಲ್ಲಿಸಲಾಗಿದೆ’ ಎಂದು ತಾವು ಫ್ಲೆಕ್ಸ್ ಹಾಕಿಸಿದಿರಿ, ಅದರಲ್ಲೂ ಕಿರೀಟ ಹಾಕಿದ ತಮ್ಮ ಫೋಟೋ ಸಮೇತ.

ಬಲವೇನೋ ಬಂದಿದೆ, ಮಾನ್ಯರೇ, ಹೊಟ್ಟೆಕಿಚ್ಚಿಲ್ಲದೆ ಹೊಗಳುತ್ತೇನೆ. ರಾಜನನ್ನು ಪಾಲು ಮಾಡಿದ ಹಾಗೆಯೇ ಒಂದನೇ ಕಾರ್ಯದರ್ಶಿ, ಎರಡನೇ ಕಾರ್ಯದರ್ಶಿ, ಉಪಸಮಿತಿ, ಅದರ ಮೇಲೊಂದು ಸಮಿತಿ ಎಂದು ಎಲ್ಲರಿಗೂ ಪದವಿ ಹಂಚಿದಿರಿ. ನಾಟಕದಲ್ಲಿ ಖಜಾನೆ ದೋಚುವ ಮಂತ್ರಿಯನ್ನೇ ಖಜಾಂಚಿ ಮಾಡಿದ ತಮ್ಮ ಎದೆಗಾರಿಕೆ ಯಾವ ರಾಜನಿಗೂ ಬರಲಾರದು. ಪದವಿ ಇಲ್ಲದ ಸದಸ್ಯ ಈಗ ನಾನೊಬ್ಬನೇ. ಸೈನ್ಯವೆಲ್ಲ ಕರಗಿ ಕೊಳದಲ್ಲಿ ಒಂಟಿಯಾದ ಅರಸನ ದುಃಖ ಏನೆಂದು ತಾಲೀಮೇ ಇಲ್ಲದೆ ಕಲಿತಿದ್ದೇನೆ.

ಸಂಘಟನೆಯ ತರಬೇತಿ ಕೊಡಲು ಬೆಂಗಳೂರಿನಿಂದ ಕರೆಸಿದ ಮಹನೀಯರು ಬಣ್ಣದ ಚೀಟಿ ಕೊಟ್ಟು, ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ, ಬರೆದು ಗೋಡೆಗೆ ಅಂಟಿಸಿ ಎಂದರು. ‘ಸತ್ತು ಬಿದ್ದಿರುತ್ತೇನೆ, ಸ್ಟೇಜಿನ ಮಧ್ಯೆ, ಮೈಕಿನ ಹತ್ತಿರ’ ಎಂದು ಬರೆದೆ. ಪಾಪ, ಅವರು ನನ್ನ ಕೈ ಹಿಡಿದು ನೀರು ಕುಡಿಸಿ, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಕೇಳಿದರು. ತಾವಾದರೂ ಬಿಡಿಸಿ ಹೇಳಬಾರದಿತ್ತೆ? ಅದರ ಬದಲು, ಅಷ್ಟೊಂದು ಅವಸರವಿದ್ದರೆ ನಾನು ಸತ್ತೆನೆಂದು ಸಭೆಯಲ್ಲಿ ಠರಾವು ಮಾಡಿಬಿಡೋಣ ಎಂದಿರಿ. ಮಾನ್ಯರೇ, ಚಂಡಕೇತು ಕತ್ತಿಗೆ ಸಾಯುವವನೇ ಹೊರತು ಸದಸ್ಯರು ಕೈ ಎತ್ತಿದ್ದಕ್ಕೆ ಸಾಯುವವನಲ್ಲ.

ಮನೆಯ ಅಂಗಳದಲ್ಲಿ ದಿನಾ ಬಿದ್ದು ಅಭ್ಯಾಸ ಮಾಡುತ್ತಿದ್ದೇನೆ. ಮೊದಮೊದಲು ಪಕ್ಕದ ಮನೆ ಪಾಪಕ್ಕ ಚೊಂಬು ಹಿಡಿದು ಓಡಿ ಬರುತ್ತಿದ್ದಳು, ಈಗ ಹುಲ್ಲಿನ ಹೊರೆ ಹೊತ್ತು ನನ್ನನ್ನು ದಾಟಿಕೊಂಡೇ ಹೋಗುತ್ತಾಳೆ. ನನ್ನ ಹೆಂಡತಿ ವರಲಕ್ಷ್ಮಮ್ಮ, ‘ಅದೇನ್ ಸಾಯ್ತೀರೋ ಬೇಗ ಸತ್ತು ಎದ್ ಬನ್ನಿ, ಮುದ್ದೆ ಆರೋಗ್ತದೆ’ ಎಂದು ಒಳಗಿನಿಂದಲೇ ಕೂಗುತ್ತಾಳೆ. ಮಂಡಿ ಮಾತ್ರ ನನ್ನ ಮಾತು ಕೇಳುತ್ತಿಲ್ಲ. ಬೀಳುವುದಕ್ಕೇನೂ ತೊಂದರೆಯಿಲ್ಲ, ಏಳುವಾಗ ಕಟಕಟ ಅನ್ನುತ್ತದೆ. ಮಂಡಳಿಗೆ ಪೂರ್ತಿ ಬಲ ಬರುವಷ್ಟರಲ್ಲಿ ನನ್ನ ಬಲ ಮುಗಿದು, ಹಾಡೇ ಇಲ್ಲದೆ ಸಾಯಬೇಕಾದೀತು ಎಂಬುದೊಂದೇ ನನ್ನ ಭಯ.

ಆದಕಾರಣ ನಾಟಕವನ್ನು ಮತ್ತೆ ಶುರುಮಾಡಬೇಕೆಂದೂ, ಅದು ಆಗದಿದ್ದರೆ ಕೊನೆಯ ಸೀನನ್ನಾದರೂ ಕೊಡಿಸಬೇಕೆಂದೂ, ತಮ್ಮ ಹಾಡಿಗೆ ತೊಂದರೆಯಾಗದಂತೆ ಸೂರ್ಯ ತಡವಾಗಿ ಹುಟ್ಟಲು ಹಾಗೂ ಊರಿನ ಹಸುಗಳು ಮಧ್ಯಾಹ್ನದವರೆಗೆ ಕೆಚ್ಚಲು ಬಿಗಿಹಿಡಿಯಲು ಒಂದೊಂದು ಉಪಸಮಿತಿ ನೇಮಿಸಬೇಕೆಂದೂ ಬೇಡುತ್ತೇನೆ.

ಸಾಯುವ ತನಕ, ಅಂದರೆ ತಾವು ಸಾಯಲು ಬಿಡುವ ತನಕ,
ತಮ್ಮ ವಿಶ್ವಾಸಿ,
ಚಿಕ್ಕಬೀರಪ್ಪ
(ಮೂರನೇ ಚಂಡಕೇತು, ಸದ್ಯಕ್ಕೆ ಜೀವಂತ)

ವಿ.ಸೂ.: ಬರುವ ಭಾನುವಾರದ ಸಭೆಯ ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂದು ಇದೆಯಲ್ಲ, ಆ ಹೊತ್ತಿಗೆ ನಾನು ವೇಷದಲ್ಲೇ ಬಂದು ತಮ್ಮ ಮೇಜಿನ ಮೇಲೆ ಸಾಯುವವನಿದ್ದೇನೆ. ಸೊಣ್ಣಪ್ಪ ಹಾಲು ಕರೆಯುವ ಕೆಲಸ ಹೆಂಡತಿಗೆ ಒಪ್ಪಿಸಿ ಕತ್ತಿ ಉಜ್ಜುತ್ತಿದ್ದಾನೆ. ಸಮೇತನಹಳ್ಳಿಯಿಂದ ಟೆಂಪೋ ಹೊರಡುತ್ತದೆ. ‘ಒನ್ಸ್ ಮೋರ್’ ಅನ್ನುವುದು ಹೇಗೆಂದು ತಮ್ಮ ಮಾವನ ಮನೆಯವರಿಂದಲೇ ನನ್ನ ಹೆಂಡತಿಯ ತವರಿನವರಿಗೆ ಹೇಳಿಕೊಡಿಸಿದ್ದೇನೆ. ಅವರು ಅಂದಷ್ಟು ಸಲ ಎದ್ದು ಸಾಯುತ್ತೇನೆ. ಆಮೇಲೆ ಯಾರೂ ಏನೂ ಅನ್ನದಿದ್ದರೂ ಸಾಯುತ್ತೇನೆ.